ಬಳ್ಳಿಯಮ್ಮನ ಅಕ್ಕ

ಹೆರಿಗೆ ವಾರ್ಡಿನಲ್ಲಿ ಮಗು ಹುಟ್ಟಿತೆಂದರೆ ಸಾಕು, ಮಂದಿಯೆಲ್ಲ ಮಗುವಿನ ಕಡೆ ಓಡುತ್ತಾರೆ. ಗಂಡೋ ಹೆಣ್ಣೋ, ಮೂಗು ಅಪ್ಪನದೋ ಅಮ್ಮನದೋ ಎಂಬ ವಿಚಾರಣೆ ಶುರುವಾಗುತ್ತದೆ. ಇವಳೊಬ್ಬಳು ಮಾತ್ರ ಆ ಗದ್ದಲಕ್ಕೆ ಸೇರದೆ, ಮುಚ್ಚಳವಿರುವ ಡಬ್ಬಿಯೊಂದನ್ನು ಹಿಡಿದುಕೊಂಡು, ಎಲ್ಲರೂ ಮರೆತುಬಿಟ್ಟ ಹೊಕ್ಕುಳಬಳ್ಳಿಗಾಗಿ ಬಾಗಿಲ ಬಳಿ ಕಾಯುತ್ತಿದ್ದಳು. ಅದಕ್ಕೇ ವಾರ್ಡಿನ ನರ್ಸುಗಳು ಅವಳಿಗೆ ಬಳ್ಳಿಯಮ್ಮ ಎಂದು ಹೆಸರಿಟ್ಟಿದ್ದರು. "ಬಂದ್ರು ನೋಡಿ ಬಳ್ಳಿಯಮ್ಮ. ನಾವು ಬಿಸಾಡೋದಕ್ಕೆ ಇವರ ಕಾವಲು" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ, ಮದುವೆಯೂ ಆಗಿರಲಿಲ್ಲ. ಇಷ್ಟಾಗಿಯೂ ಅಷ್ಟು ಹೆರಿಗೆ ಕಂಡವಳು ಅವಳಿದ್ದ ಓಣಿಯಲ್ಲಿ ಇನ್ನೊಬ್ಬಳಿರಲಿಲ್ಲ.

ಬಳ್ಳಿಯನ್ನು ಸುಮ್ಮನೆ ಎತ್ತಿಕೊಂಡು ಹೋಗುವ ಹಾಗಿಲ್ಲ, ತಾಯಿಯನ್ನು ಮೊದಲೇ ಕೇಳಿರಬೇಕು. "ಇದ್ರಲ್ಲಿ ರಕ್ತ ಹರಿಯೋ ನಾಳ ಇರುತ್ತಲ್ಲಮ್ಮ, ಅದರ ಒಳಗೋಡೆಗೆ ಸಣ್ಣ ಸಣ್ಣ ಜೀವಕೋಶ ಅಂಟಿಕೊಂಡಿರುತ್ತೆ. ಸಕ್ಕರೆ ಕಾಯಿಲೆ ಬಂದ್ರೆ ಅವು ಹೇಗೆ ಕೆಡ್ತವೆ, ಯಾವ ಔಷಧಿ ಕೊಟ್ರೆ ಉಳ್ಕೋತವೆ ಅಂತ ನೋಡ್ತೀವಿ. ಮಗೂಗೆ ಏನೂ ಆಗಲ್ಲ" ಎಂದು ಹೇಳುತ್ತಿದ್ದಳು. ಕೊನೆಗೆ ಒಂದು ಪ್ರಶ್ನೆ: "ನಿಮಗೆ ಸಕ್ಕರೆ ಕಾಯಿಲೆ ಇದೆಯಾ?" ಇದೆ ಎಂದವರ ಬಳ್ಳಿಯನ್ನು ಮುಟ್ಟುತ್ತಿರಲಿಲ್ಲ. ಆಗಲೇ ಸಕ್ಕರೆಯ ರುಚಿ ಕಂಡ ಕೋಶಗಳು ಪ್ರಯೋಗಕ್ಕೆ ಬರುವುದಿಲ್ಲ.

ಪ್ರಯೋಗಶಾಲೆ ಅದೇ ಆವರಣದ ಹಿಂದಿನ ಕಟ್ಟಡದಲ್ಲಿತ್ತು. ಅಲ್ಲಿ ಬಳ್ಳಿಯ ನಾಳವನ್ನು ತೊಳೆದು, ಒಳಗೋಡೆಯ ಕೋಶಗಳನ್ನು ಬಿಡಿಸಿ, ಚಪ್ಪಟೆ ಬಾಟಲಿಗಳಲ್ಲಿ ಬೆಳೆಸುವುದು ಅವಳ ಕೆಲಸ. ಕೋಶಗಳು ಬಾಟಲಿಯ ತಳ ಹಿಡಿದು, ಅಂಗಳಕ್ಕೆ ಹಾಸಿದ ಕಲ್ಲಿನಂತೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತಿದ್ದವು. ದಿನ ಬಿಟ್ಟು ದಿನ ಹಳೆಯ ದ್ರವ ಹೀರಿ ತೆಗೆದು ಹೊಸ ಗುಲಾಬಿ ದ್ರವ ತುಂಬಬೇಕು. ಇದಕ್ಕೆ ಅವಳು 'ಊಟ ಹಾಕೋದು' ಎನ್ನುತ್ತಿದ್ದಳು. ಹಬ್ಬವಿರಲಿ, ಭಾನುವಾರವಿರಲಿ, ಊಟ ತಪ್ಪಿಸುವಂತಿರಲಿಲ್ಲ. ಪ್ರಯೋಗಶಾಲೆಯ ಮುಖ್ಯಸ್ಥೆ, ಎಲ್ಲರ ಬಾಯಲ್ಲಿ ಬರೀ 'ಮೇಡಂ', ಒಮ್ಮೆ ರಜೆ ತಗೋ ಎಂದಾಗ, "ಕೋಶಗಳಿಗೇನು ಭಾನುವಾರ ಗೊತ್ತಾ ಮೇಡಂ?" ಎಂದು ಕೇಳಿದ್ದಳು.

ಮನೆಯಲ್ಲಿದ್ದದ್ದು ಅವಳ ಅಕ್ಕ ಒಬ್ಬಳೇ. ಅಮ್ಮ ತೀರಿಕೊಂಡಾಗ ಬಳ್ಳಿಯಮ್ಮನಿಗೆ ಇನ್ನೂ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಪ್ಪ ಅದಕ್ಕೂ ಮೊದಲೇ ಹೋಗಿದ್ದ. ಅಕ್ಕ ತನ್ನ ಶಾಲೆಯ ಚೀಲವನ್ನು ಮೊಳೆಗೆ ನೇತುಹಾಕಿ ಅಂಗಿ ಹೊಲಿಯುವ ಕಾರ್ಖಾನೆಗೆ ಹೋದಳು. ತಂಗಿಯನ್ನು ಓದಿಸಿದಳು. ತಾನು ಮಾತ್ರ ಜೀವಮಾನವಿಡೀ ಒಂದೇ ಕೆಲಸ ಮಾಡಿದಳು: ಅಂಗಿಗೆ ಕಾಲರ್ ಕೂರಿಸುವುದು. ತೋಳು ಒಬ್ಬಳದು, ಜೇಬು ಇನ್ನೊಬ್ಬಳದು, ಕಾಲರ್ ಅಕ್ಕನದು. ರಸ್ತೆಯಲ್ಲಿ ಯಾರಾದರೂ ಎದುರಾದರೆ ಅವಳು ಮುಖ ನೋಡುವ ಮೊದಲು ಕುತ್ತಿಗೆ ನೋಡುತ್ತಿದ್ದಳು. "ನೋಡೇ ಪುಟ್ಟಿ, ಎಂಥಾ ದೊಡ್ಡ ಮನುಷ್ಯ, ಕಾಲರ್ ಮಾತ್ರ ನಾಯಿ ಕಿವಿ" ಎಂದು ಪಿಸುಗುಟ್ಟಿ ತಂಗಿಯನ್ನು ನಡುರಸ್ತೆಯಲ್ಲಿ ನಗಿಸುತ್ತಿದ್ದಳು.

ತಂಗಿಗೆ ಪ್ರಯೋಗಶಾಲೆಯಲ್ಲಿ ಕೆಲಸ ಸಿಕ್ಕ ವಾರ, ಅವಳ ಬಿಳಿ ಕೋಟನ್ನು ಅಕ್ಕನೇ ಹೊಲಿದಳು. ಅದು ಹರಿದಾಗ ಇನ್ನೊಂದು, ಅದೂ ಹರಿದಾಗ ಮತ್ತೊಂದು. ಅಂಗಡಿಯ ಕೋಟು ಬಳ್ಳಿಯಮ್ಮನ ಮೈಮೇಲೆ ಯಾವತ್ತೂ ಬೀಳಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದಾಗ ಡಾಕ್ಟರು ಬರೆದುಕೊಟ್ಟದ್ದು ಹಳೆಯ, ಎಲ್ಲರಿಗೂ ಕೊಡುವ ಬಿಳಿ ಮಾತ್ರೆ. ಅದೇ ಹೊತ್ತಿಗೆ ಮೇಡಂ ಅದೇ ಮದ್ದನ್ನು ಹಿಡಿದು ಹೊಸ ಪ್ರಯೋಗ ಶುರುಮಾಡಿದ್ದರು. ಕೆಲವು ಬಾಟಲಿಗಳಿಗೆ ಎಂದಿನ ಊಟ, ಕೆಲವಕ್ಕೆ ಸಕ್ಕರೆ ಹೆಚ್ಚು ಬೆರೆಸಿದ ಊಟ, ಇನ್ನು ಕೆಲವಕ್ಕೆ ಅದೇ ಸಕ್ಕರೆಯ ಜೊತೆಗೆ ಈ ಮದ್ದು. ಬಳ್ಳಿಯಮ್ಮನಿಗೆ ಇದು ದೇವರೇ ಹೊಂದಿಸಿಕೊಟ್ಟ ಹಾಗೆ ಕಂಡಿತು. ಸಂಜೆ ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಶುರು: "ಅಕ್ಕ, ಇವತ್ತು ನಿನ್ನ ಮಾತ್ರೆ ಕೆಲಸ ನೋಡ್ಬೇಕಿತ್ತು ನೀನು. ಬರೀ ಸಕ್ಕರೆ ತಿಂದ ಕೋಶಗಳು ಸೊರಗಿ, ಮಧ್ಯ ಮಧ್ಯ ಸಂದು ಬಿಟ್ಟುಬಿಟ್ಟಿವೆ. ಮದ್ದು ಕೊಟ್ಟವು? ಒಂದೂ ಅಲ್ಲಾಡಿಲ್ಲ. ಹಾಸುಗಲ್ಲಿನ ಹಾಗೆ ಕೂತಿವೆ!"

"ಹೌದಾ? ಪರವಾಗಿಲ್ವೇ" ಎನ್ನುತ್ತಿದ್ದಳು ಅಕ್ಕ, ಗಲ್ಲಕ್ಕೆ ಕೈಯಿಟ್ಟುಕೊಂಡು.

"ತಗೊಂಡ್ಯಾ ಇವತ್ತು?"

"ಹೂಂ."

ಮಾತ್ರೆಯನ್ನು ಊಟದ ಜೊತೆ ನುಂಗಬೇಕು. ಕೆಲಸದ ದಿನಗಳಲ್ಲಿ ಅಕ್ಕ ಅದನ್ನು ಊಟದ ಡಬ್ಬಿಯ ಜೊತೆ ಕಟ್ಟಿಕೊಂಡು ಹೋಗುತ್ತಿದ್ದಳು. ಭಾನುವಾರ ಮಾತ್ರ ತಂಗಿಯ ಎದುರೇ ನಾಲಿಗೆಯ ಮೇಲಿಟ್ಟು, ಶಾಲೆಯ ಮಗುವಿನಂತೆ ಬಾಯಿ ತೆರೆದು ತೋರಿಸಿ ನುಂಗುತ್ತಿದ್ದಳು. ಬೆಳಗಿನ ಬರಿಹೊಟ್ಟೆಯ ರಕ್ತಪರೀಕ್ಷೆ ಬಂತೆಂದರೆ ಎರಡು ಮೂರು ದಿನ ರಜೆ ಹಾಕಿ ಮನೆಯಲ್ಲೇ ಇದ್ದು ಅರೆಹೊಟ್ಟೆ ಉಣ್ಣುತ್ತಿದ್ದಳು. "ಪರೀಕ್ಷೆ ಅಂದ್ಮೇಲೆ ಓದ್ಕೊಂಡು ಹೋಗ್ಬೇಕಲ್ವೇನೇ?" ಎಂದರೆ ಇಬ್ಬರೂ ನಗುತ್ತಿದ್ದರು. ಪರೀಕ್ಷೆಯಲ್ಲಿ ಪಾಸಾಗುತ್ತಲೂ ಇದ್ದಳು. ವರ್ಷಗಳು ಹೀಗೇ ಉರುಳಿದವು. ಮದ್ದು ತನ್ನ ಅಕ್ಕನ ರಕ್ತನಾಳಗಳನ್ನು ಕಣ್ಣಿಗೆ ರೆಪ್ಪೆಯಂತೆ ಕಾಯುತ್ತಿದೆ ಎಂದು ಬಳ್ಳಿಯಮ್ಮ ನೆಮ್ಮದಿಯಾಗಿದ್ದಳು.

ಒಂದು ಸಂಜೆ ಅಕ್ಕ ಕಾರ್ಖಾನೆಯಿಂದ ತಡವಾಗಿ ಬಂದಳು. ಬಂದವಳೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅವಳ ಮೆಷಿನ್ನಿನ ಸೂಜಿ ಮುರಿದಿತ್ತಂತೆ. ಸೂಜಿ ಮುರಿದರೆ ಚೂರುಗಳನ್ನೆಲ್ಲ ಕೂಡಿಸಿ ತೋರಿಸಿದ ಮೇಲೇ ಹೊಸ ಸೂಜಿ ಕೊಡುವುದು ಅಲ್ಲಿನ ಕಟ್ಟುನಿಟ್ಟು, ಯಾರದೋ ಅಂಗಿಯೊಳಗೆ ಚೂರು ಉಳಿದುಬಿಟ್ಟರೆ ಕಾರ್ಖಾನೆಯ ಮಾನ ಹೋಗುತ್ತದೆ. ಮೇಲಿನ ತುಂಡು ಸಿಕ್ಕಿತು. ತುದಿ ಸಿಗಲಿಲ್ಲ. ಹೊಲಿಗೆ ಮೆಷಿನ್ನುಗಳ ಇಡೀ ಸಾಲನ್ನೇ ನಿಲ್ಲಿಸಿದರಂತೆ. ಹೆಂಗಸರೆಲ್ಲ ಅಂಗಿ ಕೊಡವುವುದೇನು, ಸೂಪರ್‌ವೈಸರ್ ಅಯಸ್ಕಾಂತ ಹಿಡಿದು ಮೇಜಿನ ಕೆಳಗೆ ತೆವಳುವುದೇನು!

"ಆ ಹೊಟ್ಟೆ ಹೊತ್ಕೊಂಡು ಒಳಗೆ ಹೋದೋನು ಹೊರಗೆ ಬರೋಕಾಗದೆ ಸಿಕ್ಕಾಕ್ಕೊಂಡ ಕಣೇ. ನಾವಿಬ್ರು ಕಾಲು ಹಿಡಿದು ಎಳೆದ್ವಿ."

"ಸಿಕ್ತಾ ಕೊನೆಗೆ?"

"ಎಲ್ಲಿ! ನನ್ನ ಮೆಷಿನ್ದು ಅಂತ ನಾನೇ ಎಲ್ಲರಿಗಿಂತ ಜಾಸ್ತಿ ಓಡಾಡಿದೆ. ಆ ಕಟ್ಟಿನ ಅಂಗಿಗಳನ್ನೆಲ್ಲ ಬೇರೆ ಎತ್ತಿಟ್ರು, ಪಾಪ."

ಅಕ್ಕ ಪೆಡಲನ್ನು ಬರಿಗಾಲಿನಲ್ಲೇ ಒತ್ತುವವಳು. ಚಪ್ಪಲಿ ಹಾಕಿದರೆ ಕಾಲರಿನ ತಿರುವಿನಲ್ಲಿ ವೇಗ ಹಿಡಿತಕ್ಕೆ ಸಿಗುವುದಿಲ್ಲ ಎನ್ನುತ್ತಿದ್ದಳು. ಹಾಗಾಗಿ ಆ ದಿನ ಎಲ್ಲರೂ ಹುಡುಕುತ್ತಿದ್ದ ಸೂಜಿಯ ತುದಿ ಅವಳ ಬಲಗಾಲಿನ ಅಂಗಾಲಿನಲ್ಲೇ ಇತ್ತು. ಅದನ್ನು ಕಾಲಲ್ಲೇ ಇಟ್ಟುಕೊಂಡು, ಅದನ್ನೇ ಹುಡುಕುತ್ತ, ಆ ಕಾಲನ್ನೇ ಊರಿಕೊಂಡು ಅವಳು ಸಾಲಿನ ಉದ್ದಕ್ಕೂ ತಿರುಗಿದ್ದಳು. ನೋವು ಗೊತ್ತಾಗಿರಲಿಲ್ಲ. ಆ ಕಾಲು ನೋವು ಹೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು.

ಗೊತ್ತಾದದ್ದು ಕೆಲವು ದಿನಗಳ ಮೇಲೆ, ಹಾಸಿಗೆಯ ಬಟ್ಟೆಯ ಮೇಲಿನ ಕಲೆಯಿಂದ. ಅಷ್ಟರಲ್ಲಿ ಪಾದ ಊದಿಕೊಂಡು ಬಣ್ಣ ತಿರುಗಿತ್ತು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದಾಗ ಮೂಳೆಗಳ ನಡುವೆ ತೆಳ್ಳನೆಯ ಬಿಳಿ ಗೆರೆ. ಅಕ್ಕ ಅದನ್ನು ನೋಡಿ, "ಅಯ್ಯೋ, ಸಿಕ್ತು ಕಣೇ! ಸೂಪರ್‌ವೈಸರಿಗೆ ಹೇಳಿ ಕಳಿಸು, ಪಾಪ, ಅಂಗಿಗಳನ್ನ ಬಿಡ್ಲಿ" ಎಂದಳು. ಬಳ್ಳಿಯಮ್ಮನಿಗೆ ನಗು ಬರಲಿಲ್ಲ. ಡಾಕ್ಟರೂ ನಗಲಿಲ್ಲ.

ಸೂಜಿ ತೆಗೆದರು. ಗಾಯ ಮಾತ್ರ ಮಾಯಲಿಲ್ಲ. ಕಾಲಿನ ಸಣ್ಣ ರಕ್ತನಾಳಗಳೆಲ್ಲ ಕೆಟ್ಟಿವೆ, ಗಾಯ ಮಾಯಿಸುವ ರಕ್ತವೇ ಅಲ್ಲಿಗೆ ಇಳಿಯುತ್ತಿಲ್ಲ ಎಂದರು ಡಾಕ್ಟರು. ಬರಿಹೊಟ್ಟೆಯ ಪರೀಕ್ಷೆ ಸಾಲದು, ಹಿಂದಿನ ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ ಮಾಡಿದ್ದೇವೆ ಎಂದರು. "ಇವರ ಸಕ್ಕರೆ ಯಾವತ್ತೂ ಹಿಡಿತದಲ್ಲಿ ಇದ್ದ ಹಾಗಿಲ್ಲಮ್ಮ. ಮಾತ್ರೆ ತಗೋತಿದ್ರಾ?"

"ಒಂದು ದಿನಾನೂ ಬಿಟ್ಟಿಲ್ಲ ಡಾಕ್ಟ್ರೇ. ನಾನೇ ತಂದು ಕೊಡ್ತೀನಿ" ಎಂದಳು ಬಳ್ಳಿಯಮ್ಮ, ಧ್ವನಿ ಏರಿಸಿ. ಮಂಚದ ಮೇಲಿದ್ದ ಅಕ್ಕ ಹೊದಿಕೆಯ ಅಂಚಿನ ಹೊಲಿಗೆ ನೋಡುತ್ತಿದ್ದಳು.

ಆ ದಿನಗಳಲ್ಲಿ ಬಳ್ಳಿಯಮ್ಮನಿಗೆ ಮದ್ದಿನ ಮೇಲೇ ಸಿಟ್ಟು ಬಂತು. ಬಾಟಲಿಯಲ್ಲಿ ಅಷ್ಟು ಚೆನ್ನಾಗಿ ಕಾಯುವುದು ಅಕ್ಕನ ಕಾಲಲ್ಲಿ ಯಾಕೆ ಕೈಕೊಟ್ಟಿತು? ತಾನು ಇಷ್ಟು ವರ್ಷ ಊಟ ಹಾಕಿದ್ದು ಸುಳ್ಳಿಗೋ? ಸೂಕ್ಷ್ಮದರ್ಶಕದ ಕೆಳಗೆ ಹಾಯಾಗಿ ಕೂತಿದ್ದ ಕೋಶಗಳನ್ನು ಕಂಡು, "ನಿಮಗೇನ್ರೇ, ಚೆನ್ನಾಗಿದ್ದೀರಿ" ಎಂದು ಗದರಿದ್ದೂ ಉಂಟು. ಯಾರದೋ ಕೂಸಿನ ಬಳ್ಳಿಯಿಂದ ಬಂದ ಪಾಪದ ಕೋಶಗಳು, ಅವೇನು ಮಾಡಿಯಾವು!

ಒಂದು ಬೆಳಿಗ್ಗೆ ಅಕ್ಕನಿಗೆ ಬಟ್ಟೆ ತರಲು ಮನೆಗೆ ಬಂದವಳು, ಅವಸರದಲ್ಲಿ ಬಾಗಿಲ ಚಿಲಕಕ್ಕೆ ಕೋಟು ಸಿಕ್ಕಿಸಿಕೊಂಡಳು. ಮೇಲಿನ ಗುಂಡಿ ಕಿತ್ತು ಎಲ್ಲೋ ಉರುಳಿತು. ಕಿಟಕಿಯ ಹತ್ತಿರ ಅಕ್ಕನ ಕಾಲುಮೆಷಿನ್ನು, ಅದರ ಖಾನೆಯಲ್ಲಿ ಗುಂಡಿ ತುಂಬಿದ ದೊಡ್ಡ ತಗಡಿನ ಡಬ್ಬಿ. ಅಕ್ಕ ಯಾರೂ ಮುಟ್ಟಕೂಡದೆಂದು ಕಾಯುತ್ತಿದ್ದ ಡಬ್ಬಿ ಅದು. ಬಳ್ಳಿಯಮ್ಮ ಮುಚ್ಚಳ ತೆಗೆದು, ಒಳಗೆ ಬೆರಳಾಡಿಸಿ ಬಿಳಿಯದೊಂದು ಗುಂಡಿ ಆರಿಸಿ, ದಾರ ಪೋಣಿಸಲು ನೋಡಿದಳು. ಗುಂಡಿಗೆ ತೂತಿರಲಿಲ್ಲ. ಇನ್ನೊಂದು ತೆಗೆದಳು, ಅದಕ್ಕೂ ಇಲ್ಲ. ಬೆರಳಿಗೆ ಬಿಳಿ ಪುಡಿ ಹತ್ತಿತು. ನಡುವೆ ಮುರಿಯಲಿಕ್ಕೆಂದು ಒಂದು ಗೆರೆ.

ಡಬ್ಬಿಯನ್ನು ಮೆಷಿನ್ನಿನ ಮೇಲೆ ಸುರಿದಳು. ಮೇಲೊಂದು ಪದರ ಗುಂಡಿ, ಕೆಳಗೆಲ್ಲ ಮಾತ್ರೆ. ಹಳೆಯವು ಹಳದಿಗೆ ತಿರುಗಿ ಅಂಚು ಸವೆದಿದ್ದವು, ಹೊಸವು ಬೆಳ್ಳಗಿದ್ದವು. ತಾನು ಔಷಧಿ ಅಂಗಡಿಯ ಸಾಲಿನಲ್ಲಿ ನಿಂತು ತಂದ, 'ತಗೊಂಡ್ಯಾ' ಎಂದು ಸಂಜೆ ಸಂಜೆ ಕೇಳಿದ, 'ಹೂಂ' ಎಂದು ಉತ್ತರ ಪಡೆದ ಮಾತ್ರೆಗಳೆಲ್ಲ ಅಲ್ಲಿದ್ದವು.

ಆಸ್ಪತ್ರೆಗೆ ಅವಳು ಸಿಟ್ಟಿನಲ್ಲೇ ಬಂದಳು. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡಿದ್ದಳು. ಡಬ್ಬಿಯನ್ನು ಮಂಚದ ಮೇಲೆ ಕುಕ್ಕಿ, "ಏನಕ್ಕ ಇದು?" ಎಂದಳು.

ಅಕ್ಕ ಗೋಡೆಯ ಕಡೆ ಹೊರಳಿದಳು. "ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣೇ. ನೀನು ಸಾಲಲ್ಲಿ ನಿಂತು ತಂದಿದ್ದು."

"ನುಂಗೋಕೆ ಏನಾಗಿತ್ತು?"

"ಭಾನುವಾರ ನುಂಗ್ತಿದ್ನಲ್ಲ."

"ಅಕ್ಕ!"

"ನಿನಗೆ ನಮ್ಮ ಕಾರ್ಖಾನೆ ಗೊತ್ತಿಲ್ಲ ಪುಟ್ಟಿ" ಎಂದಳು ಅಕ್ಕ, ಗೋಡೆಗೆ ಹೇಳುವಂತೆ. "ಸಾಲಿಗೆ ಒಂದೇ ಟೋಕನ್ನು. ಸೂಪರ್‌ವೈಸರ್ ಮೇಜಿನ ಹತ್ರ ಮೊಳೆಗೆ ನೇತಾಕಿರ್ತಾನೆ. ಅದು ಕೈಲಿದ್ರೇ ಬಚ್ಚಲಿಗೆ ಬಿಡೋದು. ಒಬ್ಬಳು ಹೋಗಿ ಬಂದ್ಮೇಲೇ ಇನ್ನೊಬ್ಬಳು. ಈ ಮಾತ್ರೆ ನುಂಗಿದ್ರೆ ನನಗೆ ಹೊಟ್ಟೆ ನಿಲ್ತಿರಲಿಲ್ಲ. ಮೊದಮೊದಲು ಓಡಿ ಓಡಿ ಹೋಗ್ತಿದ್ದೆ. ಅವನು ಎಲ್ಲರೆದುರು ಅಂದ, ಇವಳಿಗೊಂದು ಟೋಕನ್ನು ಕೊರಳಿಗೇ ಕಟ್ಟಿಬಿಡಿ ಅಂತ. ಅದನ್ನೂ ಹೊಟ್ಟೆಗೆ ಹಾಕ್ಕೊಂಡೆ. ಆಮೇಲೆ ಒಂದಿನ..."

ಬಳ್ಳಿಯಮ್ಮ ಮಂಚದ ಅಂಚಿನಲ್ಲಿ ಕೂತಳು.

"ಒಂದಿನ ಟೋಕನ್ನು ಬೇರೆಯವಳ ಹತ್ರ ಇತ್ತು. ತಡ್ಕೊಳ್ಳೋಕಾಗ್ಲಿಲ್ಲ ಕಣೇ. ಕೂತಲ್ಲೇ ಆಗೋಯ್ತು. ಎಲ್ಲರೂ ಮನೆಗೆ ಹೋಗೋ ತನಕ ನಾನು ಏಳಲಿಲ್ಲ. ಕಾಲರ್ ಹೊಲೀತಾನೇ ಇದ್ದೆ. ನೀರಿನ ಬಾಟ್ಲಿ ಬಿತ್ತು ಅಂತ ಹೇಳ್ದೆ."

"ನನಗಾದ್ರೂ ಹೇಳ್ಬಾರ್ದಿತ್ತಾ?"

"ಹೇಗೆ ಹೇಳ್ಲಿ? ನೀನು ಬಂದೋಳೇ, ಅಕ್ಕ ನಿನ್ನ ಮಾತ್ರೆ ಹಾಗೆ, ನಿನ್ನ ಮಾತ್ರೆ ಹೀಗೆ ಅಂತ ಕುಣೀತಿದ್ದೆ. ನಿನ್ನ ಮುಖ ನೋಡಿದ್ರೆ ಹೂಂ ಅಂತಲೇ ಬಾಯಿಗೆ ಬರ್ತಿತ್ತು."

ಜೋಡಿಸಿಕೊಂಡು ಬಂದ ಬೈಗುಳವೆಲ್ಲ ಬಳ್ಳಿಯಮ್ಮನಿಗೆ ಮರೆತುಹೋಯಿತು. ಕೋಶಗಳು ತುಸು ಮುದುಡಿದರೂ ಯಾಕೆ, ಏನು, ದ್ರವ ಹುಳಿಯಾಯಿತೇ, ತಣ್ಣಗಾಯಿತೇ ಎಂದು ವಿಚಾರಿಸುವವಳು ಅವಳು. ಅಕ್ಕನನ್ನು ಕೇಳಿದ್ದು ಮಾತ್ರ ಒಂದೇ ಮಾತು, ತಗೊಂಡ್ಯಾ ಎಂದು. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಅಂದದ್ದು ಇಂಥದಕ್ಕೇ ಇರಬೇಕು. ಅವಳು ಅಕ್ಕನ ಬೆನ್ನಿಗೆ ಹಣೆ ಒತ್ತಿ ಅತ್ತಳು.

ಡಾಕ್ಟರಿಗೆ ಎಲ್ಲವನ್ನೂ ಹೇಳಿದಳು. ಅವರು ಬೈಯಲಿಲ್ಲ, ಬೈದಿದ್ದರೇ ಚೆನ್ನಾಗಿತ್ತು. ಕನ್ನಡಕ ತೆಗೆದು ಮೂಗು ಉಜ್ಜಿಕೊಂಡು, "ಇದೇ ಮದ್ದು ನಿಧಾನಕ್ಕೆ ಕರಗೋ ಹಾಗೆ ಮಾಡಿರೋ ಮಾತ್ರೆ ಇದೆಯಮ್ಮ. ತುಂಬಾ ಜನಕ್ಕೆ ಅದರಲ್ಲಿ ಹೊಟ್ಟೆ ಕೆಡಲ್ಲ. ಒಂದು ಮಾತು ಹೇಳಿದ್ರೆ ಅದನ್ನೇ ಬರೆದುಕೊಡ್ತಿದ್ದೆ" ಎಂದರು. ಒಂದು ಮಾತು! ಅಷ್ಟು ವರ್ಷಗಳಲ್ಲಿ ಅಕ್ಕತಂಗಿಯರು ಆಡಿದ ಮಾತುಗಳಿಗೆ ಲೆಕ್ಕವೇ ಇರಲಿಲ್ಲ. ಊರಿನ ಕಾಲರುಗಳ ಬಗ್ಗೆ ಆಡಿದ್ದರು, ಸೂಪರ್‌ವೈಸರನ ಹೊಟ್ಟೆಯ ಬಗ್ಗೆ ಆಡಿದ್ದರು. ಅಕ್ಕನ ಹೊಟ್ಟೆಯ ಮಾತೊಂದು ಬಂದಿರಲಿಲ್ಲ.

"ಈಗಿಂದ ಆ ಮಾತ್ರೆ ಸರಿಯಾಗಿ ಕೊಟ್ರೆ ಕಾಲು ಉಳಿಯುತ್ತಾ?" ಎಂದು ಅವಳು ಡಾಕ್ಟರನ್ನೂ ಕೇಳಿದಳು, ಪ್ರಯೋಗಶಾಲೆಗೆ ಬಂದು ಮೇಡಂ ಅವರನ್ನೂ ಕೇಳಿದಳು. ಮೇಡಂ ಸೂಕ್ಷ್ಮದರ್ಶಕದ ಮುಂದಿನ ಕುರ್ಚಿಯನ್ನು ಅವಳಿಗೆ ಬಿಟ್ಟುಕೊಟ್ಟರು. ಆ ಸಲದ ಬಾಟಲಿಗಳನ್ನು ಬೇರೆ ಥರ ನಡೆಸಿದ್ದರು: ಮೊದಲು ಬಹಳ ದಿನ ಸಕ್ಕರೆಯ ಊಟ, ಆಮೇಲೆ ಎಂದಿನ ಊಟ, ಅದರ ಜೊತೆ ಮದ್ದು. ಬಳ್ಳಿಯಮ್ಮ ಕಣ್ಣಿಟ್ಟು ನೋಡಿದಳು. ಸಕ್ಕರೆ ಹೋಗಿತ್ತು, ಮದ್ದೂ ಬಂದಿತ್ತು, ಸಂದುಗಳು ಮಾತ್ರ ಹಾಗೇ ಇದ್ದವು. ಅನುಭವಿಸಿದ್ದನ್ನು ಕೋಶಗಳು ಮರೆತಿರಲಿಲ್ಲ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

"ಇದು ಬಾಟ್ಲಿ. ಮನುಷ್ಯರ ಮೈ ಬೇರೆ" ಎಂದರು ಮೇಡಂ, ಅವಳ ಹೆಗಲ ಮೇಲೆ ಕೈಯಿಟ್ಟು. "ಇನ್ನೊಂದು ಕಾಲಿದೆ, ಕಣ್ಣಿದೆ, ಹೃದಯ ಇದೆ. ಅವನ್ನ ಉಳಿಸ್ಕೊಳ್ಳೋಕಾದ್ರೂ ಕೊಡ್ಬೇಕು."

ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕು, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. ಅಕ್ಕ ಹೊದಿಕೆ ಸರಿಸಿ ತನ್ನ ಕಾಲು ನೋಡಿದಳು. ಆಮೇಲೆ, "ಬಲಗಾಲು ಪೆಡಲ್ ಕಾಲು ಡಾಕ್ಟ್ರೇ. ಎಡಗಾಲು ಬೇಕಾದ್ರೆ ತಗೊಳ್ಳಿ, ಅದು ಸುಮ್ನೆ ಕೂತಿರುತ್ತೆ" ಎಂದಳು. ತಮಾಷೆಗೆ ಅಂದದ್ದೋ, ನಿಜವಾಗಿ ಕೇಳಿದ್ದೋ, ಬಳ್ಳಿಯಮ್ಮನಿಗೆ ಇಂದಿಗೂ ಗೊತ್ತಿಲ್ಲ. ಕಾಲು ತೆಗೆದರು.

ಮನೆಗೆ ಬಂದ ಮೇಲೆ ಅಕ್ಕ ಮೊದಲು ಮಾಡಿದ ಕೆಲಸವೆಂದರೆ ಡಬ್ಬಿಯನ್ನು ಮಡಿಲಲ್ಲಿ ಸುರಿದುಕೊಂಡು ಗುಂಡಿ ಬೇರೆ, ಮಾತ್ರೆ ಬೇರೆ ಮಾಡಿದ್ದು. ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ತಂಗಿಯ ಕೈಗಿಟ್ಟು, "ತಗೋ, ಎಲ್ಲೋ ಹಾಕು" ಎಂದಳು. ಉಳಿದ ಗುಂಡಿಗಳಲ್ಲಿ ಒಂದನ್ನು ಆರಿಸಿ ತಂಗಿಯ ಕೋಟಿಗೆ ಹಚ್ಚಿಕೊಟ್ಟಳು. ಕಾಲುಮೆಷಿನ್ನಿಗೆ ಬಟ್ಟೆ ಹೊದಿಸಿ ಗೋಡೆಯ ಕಡೆ ತಿರುಗಿಸಿಟ್ಟಿದ್ದರು. ಅವಳು ಆ ಕಡೆ ನೋಡುತ್ತಿರಲಿಲ್ಲ. ಹೊದಿಕೆಯ ಕೆಳಗೆ ಒಮ್ಮೊಮ್ಮೆ ಬಲ ಮೊಣಕಾಲು ಮಾತ್ರ ಪೆಡಲ್ ಒತ್ತುವಂತೆ ತಾನಾಗಿ ಅಲುಗುತ್ತಿತ್ತು.

ಹೊಸ ಮಾತ್ರೆ ಶುರುವಾಯಿತು. ಬಳ್ಳಿಯಮ್ಮ ಈಗ 'ತಗೊಂಡ್ಯಾ' ಎಂದು ಕೇಳುವುದಿಲ್ಲ, 'ಹೊಟ್ಟೆ ಹೇಗಿದೆ ಅಕ್ಕ' ಎಂದು ಕೇಳುತ್ತಾಳೆ. ವಾರ್ಡಿನಲ್ಲೂ, ಸಕ್ಕರೆ ಕಾಯಿಲೆ ಇದೆ ಎಂದ ತಾಯಂದಿರ ಬಳ್ಳಿ ಬೇಡವಾದರೂ ಅವರ ಬಳಿ ಕೂತು, ಮಾತ್ರೆ ಒಗ್ಗುತ್ತದೋ ಇಲ್ಲವೋ, ಕೆಲಸ ಎಲ್ಲಿ, ಅಲ್ಲಿ ಎದ್ದು ಹೋಗಲು ಬಿಡುತ್ತಾರೋ ಎಂದು ವಿಚಾರಿಸುತ್ತಾಳೆ. ಬಳ್ಳಿಯಮ್ಮನಿಗೆ ಈಚೆಗೆ ಬಾಯಿ ಹೆಚ್ಚಾಗಿದೆ ಎಂದು ನರ್ಸುಗಳು ಅಂದುಕೊಳ್ಳುತ್ತಾರೆ. ಭಾನುವಾರ ಕೋಶಗಳಿಗೆ ಊಟ ಮೇಡಂ ಹಾಕುತ್ತಾರೆ.

ಅಂಥದೊಂದು ಭಾನುವಾರ ಬೆಳಿಗ್ಗೆ ಚಹಾ ಕುಡಿದು ಕೂತಿದ್ದಾಗ ಅಕ್ಕ ಅಂಗೈ ಚಾಚಿದಳು.

"ಏನಕ್ಕ?"

"ಟೋಕನ್ನು."

ಬಳ್ಳಿಯಮ್ಮನಿಗೆ ಒಂದು ಕ್ಷಣ ತಿಳಿಯಲಿಲ್ಲ. ಅಕ್ಕನ ಮುಖದಲ್ಲಿ ಆ ಹಳೆಯ ತುಂಟ ನಗು. "ಹೊಟ್ಟೆಗೇನೂ ಆಗಿಲ್ಲ ಕಣೇ. ಸುಮ್ನೆ ಹೋಗ್ಬೇಕು. ಮೊದಲು ಅವನನ್ನ ಕೇಳ್ಬೇಕಿತ್ತು, ಈಗ ನಿನ್ನ ಕೇಳ್ಬೇಕು. ಅಷ್ಟೇ ವ್ಯತ್ಯಾಸ."

ಚಾಚಿದ ಆ ಅಂಗೈಯನ್ನು ಬಳ್ಳಿಯಮ್ಮ ಹಿಡಿದು ತನ್ನ ಹೆಗಲ ಮೇಲೆ ಹಾಕಿಕೊಂಡು ಅಕ್ಕನನ್ನು ಎಬ್ಬಿಸಿದಳು. ಇಬ್ಬರೂ ಮೂರು ಕಾಲಿನಲ್ಲಿ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು, ಮೆಷಿನ್ನನ್ನು ದಾಟಿ, ಬಚ್ಚಲವರೆಗೆ ಹೋದರು. ಅಕ್ಕನನ್ನು ಕೂರಿಸಿ, ಬಾಗಿಲು ಮುಂದೆ ಮಾಡಿ, ಅವಳು ಹೊರಗೆ ಗೋಡೆಗೊರಗಿ ನಿಂತಳು.

ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಅಕ್ಕನ ಧ್ವನಿ ಬಂತು, ಎಂದಿನದಲ್ಲ, ಅಷ್ಟು ವರ್ಷ ಆ ಸಾಲಿನಲ್ಲಿ ಕೂತು ಅಭ್ಯಾಸವಾದ ಧ್ವನಿ.

"ಇನ್ನೊಂದ್ ನಿಮಿಷ, ಬಂದ್ಬಿಟ್ಟೆ. ತಡ ಆಯ್ತಾ?"

"ಇಲ್ಲಕ್ಕ" ಎಂದಳು ಬಳ್ಳಿಯಮ್ಮ, ಮುಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತ. "ಎಷ್ಟು ಹೊತ್ತು ಬೇಕಾದ್ರೂ ಇರು. ನಿನ್ನ ಹಿಂದೆ ಯಾರೂ ಕಾಯ್ತಿಲ್ಲ."